ಪಾಪಯ್ಯನವರು ಕೂಡಿಟ್ಟ ನೀರು

ನಾಗಸಂದ್ರ, ಬೆಂಗಳೂರು
೧೪ ಮೇ ೨೦೨೪

ಪ್ರೀತಿಯ ಗೆಳೆಯ ಮುದಕಪ್ಪನಿಗೆ ಮುತ್ತಣ್ಣನ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿಮ್ಮ ಮನೆಯಲ್ಲೂ ಹಾಗೆಯೇ ಅಂತ ನಂಬಿದ್ದೇನೆ. ನಿನ್ನ ಎರಡೂ ಕಾಗದ ತಲುಪಿವೆ. ಮೊದಲನೆಯದು ಫೆಬ್ರುವರಿಯಲ್ಲಿ ಬಂತು, ಎರಡನೆಯದು ಯುಗಾದಿಗೆ ಹತ್ತು ದಿನ ಮುಂಚೆ. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀ. ಬೈಯಿ. ಕೆಲಸ ಹೆಚ್ಚಿತ್ತು ಅಂತ ಬರೆದರೆ ಅರ್ಧ ಮಾತ್ರ ನಿಜ. ಫೋನು ಮಾಡಬಹುದಿತ್ತು, ಆದರೆ ನಿನಗೆ ಕೇಳಿಸುವುದಿಲ್ಲ. ನಡುವೆ ನಿನ್ನ ಮೊಮ್ಮಗಳು ಶಿವಾನಿ ನಿಂತು ನನ್ನ ಮಾತನ್ನು ನಿನ್ನ ಕಿವಿಗೆ ಕೂಗಿ ಹೇಳಬೇಕು. ಈ ಕಾಗದದಲ್ಲಿ ಇರುವುದು ಆ ಮಗುವಿನ ಬಾಯಿಂದ ಕೂಗಿಸುವಂಥದ್ದಲ್ಲ. ಓದುವಾಗ ನೀನೊಬ್ಬನೇ ಕೂತು ಓದು.

ಎರಡನೆಯ ಕಾಗದದಲ್ಲಿ ನೀನು ಒಂದು ಮಾತು ಕೇಳಿದ್ದೀ. ಅದಕ್ಕೆ ಉತ್ತರ ಬರೆಯುತ್ತೇನೆ. ಅದಕ್ಕೂ ಮೊದಲು ಮಾರ್ಚಿನಲ್ಲಿ ನನ್ನ ಕೈಯಿಂದ ಆದ ಒಂದು ಕೆಲಸವನ್ನು ಹೇಳಬೇಕು.

ಫ್ಯಾಕ್ಟರಿ ಬಿಟ್ಟ ಮೇಲೆ ನಾನು ಬಿಸಿನೀರಿನ ಸೋಲಾರ್ ಫಿಟ್ಟಿಂಗ್ ಕೆಲಸಕ್ಕೆ ಇಳಿದದ್ದು ನಿನಗೆ ಗೊತ್ತೇ ಇದೆ. ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷ ನಾವಿಬ್ಬರೂ ತಯಾರಿಸಿದ ಟ್ಯಾಂಕುಗಳನ್ನೇ ಈಗ ಮನೆಮನೆಯ ತಾರಸಿ ಹತ್ತಿ ಕೂರಿಸುತ್ತಿದ್ದೇನೆ. ಮೆಟ್ರೋ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾಗಲಕ್ಷ್ಮಮ್ಮ ಅಂತ ಒಬ್ಬರಿದ್ದಾರೆ. ಎಪ್ಪತ್ತರ ಹತ್ತಿರದವರು. ಈ ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲಿ ರಾಗಿ ಬೆಳೆದ ಮನೆತನ. ಈಗ ಹೊಲವಿಲ್ಲ, ಹತ್ತು ಬಾಡಿಗೆ ಮನೆಗಳಿವೆ. ಎಲ್ಲದರಲ್ಲೂ ಫ್ಯಾಕ್ಟರಿಗೆ ಹೋಗುವವರು, ಹೆಚ್ಚಿನವರು ನಮ್ಮ ಕಡೆಯವರೇ. ಅವರ ಬೋರ್‌ವೆಲ್ಲಿನ ನೀರು ಹಳದಿ, ಉಪ್ಪು. ಸ್ನಾನಕ್ಕೆ, ಬಟ್ಟೆಗೆ ಆದೀತು, ಬಾಯಿಗೆ ಹಾಕುವ ಹಾಗಿಲ್ಲ. ಅದಕ್ಕೇ ಅವರ ಯಜಮಾನರು ಪಾಪಯ್ಯನವರು ಅಂಗಳದ ಕೆಳಗೆ ಅರವತ್ತು ಸಾವಿರ ಲೀಟರಿನ ಸಂಪು ಕಟ್ಟಿಸಿ, ತಾರಸಿಯ ಮಳೆನೀರೆಲ್ಲ ಅದಕ್ಕೆ ಇಳಿಯುವ ಹಾಗೆ ಮಾಡಿದ್ದರು. ನಡುವೆ ಜಲ್ಲಿ, ಮರಳು ತುಂಬಿದ ಡ್ರಮ್ಮಿನಲ್ಲಿ ನೀರು ಸೋಸಿ ಬರುತ್ತಿತ್ತು. ದಿನಕ್ಕೆ ಮನೆಗೆ ಎರಡು ಕೊಡ. ಅಷ್ಟರಲ್ಲಿ ಹತ್ತು ಮನೆ ಕುಡಿದು ಅಡುಗೆ ಮಾಡುತ್ತಿದ್ದವು.

ಪಾಪಯ್ಯನವರು ಸಂಕ್ರಾಂತಿಗೆ ಎರಡು ದಿನ ಇರುವಾಗ ತೀರಿಕೊಂಡರು. ಸಂಪಿನಲ್ಲಿ ಉಳಿದಿದ್ದದ್ದು ಹೋದ ವರ್ಷದ ಮಳೆ. ಪ್ರತಿ ಮಳೆಗೂ ಆ ಮುದುಕರು ಕೊಡೆ ಹಿಡಿದು ತಾರಸಿಗೆ ಹೋಗಿ ಎಲೆ, ಕಸ ತೆಗೆದು, ಮೊದಲ ನೀರನ್ನು ಹೊರಗೆ ಬಿಟ್ಟು, ಆಮೇಲೆ ಕೆಳಗಿನ ವಾಲ್ವ್ ತಿರುಗಿಸಿ ಸಂಪಿಗೆ ಕೂಡಿಟ್ಟಿದ್ದು. ಈ ಬೇಸಿಗೆ ಬೆಂಗಳೂರು ನೀರಿಗಾಗಿ ಹೇಗೆ ಒದ್ದಾಡಿತು ಅಂತ ನೀನೂ ಪೇಪರಿನಲ್ಲಿ ಓದಿರಬೇಕು. ಟ್ಯಾಂಕರಿನವರು ಫೋನೇ ಎತ್ತುತ್ತಿರಲಿಲ್ಲ. ಅಂಥ ಮಾರ್ಚಿನಲ್ಲಿ ಆ ಮನೆಯ ಸಂಪಿನಲ್ಲಿ ಇನ್ನೂ ಅರ್ಧಕ್ಕಿಂತ ಮೇಲೆ ನೀರಿತ್ತು.

ಅವರ ಹಳೆಯ ಸೋಲಾರ್ ಟ್ಯಾಂಕು ಸೋರುತ್ತಿತ್ತು. ಹೊಸದು ಕೂರಿಸಲು ನನ್ನನ್ನು ಕರೆದರು. ಮೊದಲ ದಿನವೇ ನಾಗಲಕ್ಷ್ಮಮ್ಮ ನನ್ನನ್ನು ಸಂಪಿನ ಹತ್ತಿರ ಕರೆದುಕೊಂಡು ಹೋಗಿ ಮುಚ್ಚಳ ತೆಗೆಸಿ ತೋರಿಸಿದರು.

"ನೋಡಪ್ಪಾ ಮುತ್ತಣ್ಣ, ನೀನ್ ಮೇಲೆ ಏನಾನಾ ಮಾಡ್ಕ. ಕಬ್ಣ ಕುಯ್ಯಿ, ಸಿಮೆಂಟ್ ಕಲ್ಸು. ಒಂದ್ ತೊಟ್ಟು ಕೊಳೆ ಇದ್ರೊಳಕ್ ಬೀಳ್ಬಾರ್ದು. ಬೋರ್ ನೀರ್ ಕೆಟ್ರೆ ಇನ್ನೊಂದ್ ಬೋರ್ ಕೊರುಸ್ಬೋದು. ಇದು ನಮ್ ಯಜಮಾನ್ರು ಕೂಡಿಟ್ಟಿದ್ ನೀರು."

"ಚಿಂತಿ ಮಾಡಬ್ಯಾಡ್ರಿ ಅಮ್ಮಾರ, ನನ್ನ ಜವಾಬ್ದಾರಿ" ಅಂದೆ.

ಮೊದಲ ಎರಡು ದಿನ ಮಾತು ಉಳಿಸಿಕೊಂಡೆ. ಗ್ರೈಂಡರ್ ಹಿಡಿಯುವ ಮುಂಚೆ ಟಾರ್ಪಾಲು ಹಾಸಿ ಕಬ್ಬಿಣದ ಪುಡಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿದೆ. ಹಳೆಯ ಟ್ಯಾಂಕಿನ ತುಕ್ಕು ನೀರನ್ನು ಬಕೆಟಿನಲ್ಲಿ ಹಿಡಿದು ಮೆಟ್ಟಿಲಿಳಿದು ಮೋರಿಗೆ ಸುರಿದೆ. ಸ್ಟ್ಯಾಂಡಿನ ಕಾಲಿಗೆ ಸಿಮೆಂಟು ಹಾಕುವಾಗ ಸುತ್ತ ಮಣ್ಣಿನ ಕಟ್ಟೆ ಕಟ್ಟಿದೆ. ಅಮ್ಮ ದಿನಕ್ಕೆರಡು ಸಲ ಮಂಡಿ ಹಿಡಿದುಕೊಂಡು ಮೇಲೆ ಬಂದು ನೋಡಿ ಇಳಿದು ಹೋಗುತ್ತಿದ್ದರು.

ಮೂರನೆಯ ದಿನ ಗೋಡೆಯೊಳಗಿನ ಪೈಪುಗಳ ಸರದಿ. ಹತ್ತು ವರ್ಷದ ಬೋರ್ ನೀರಿನ ಉಪ್ಪು ಒಳಗೆಲ್ಲ ಕಟ್ಟಿಕೊಂಡು ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಗೋಡೆ ಒಡೆಯುವುದು ಬೇಡ ಅಂದಿದ್ದರು. ಆಸಿಡ್ ಹಾಕಿ ತೊಳೆಯುವುದೊಂದೇ ದಾರಿ. ತೊಳೆದ ಆಸಿಡ್ ನೀರನ್ನು ತಾರಸಿಗೆ ಬಿಡಬಾರದು, ಉದ್ದನೆಯ ಹೋಸ್ ಪೈಪು ಸಿಕ್ಕಿಸಿ ನೇರವಾಗಿ ಬೀದಿಯ ಮೋರಿಗೆ ಇಳಿಸಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಹೋಸ್ ಪೈಪು ಪೀಣ್ಯದ ನನ್ನ ಶೆಡ್ಡಿನಲ್ಲಿತ್ತು, ಹೋಗಿ ಬರಲು ಅರ್ಧ ಗಂಟೆ. ಮಧ್ಯಾಹ್ನ ಎರಡಾಗಿತ್ತು, ಊಟ ಆಗಿರಲಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ನೆವ ಹುಡುಕಿದರೆ ಇಂಥವು ಬೇಕಾದಷ್ಟು ಸಿಗುತ್ತವೆ. ಸಂಪಿಗೆ ಹೋಗುವ ವಾಲ್ವ್ ಬಂದ್ ಮಾಡಿ, ಹೊರಗಿನ ದಾರಿ ತೆರೆದು ತಾರಸಿಗೇ ಬಿಟ್ಟರಾಯಿತು, ಆಮೇಲೆ ನೀರು ಹಾಕಿ ತೊಳೆದರಾಯಿತು ಅಂದುಕೊಂಡೆ.

ಕೆಳಗೆ ಬಂದು ವಾಲ್ವ್ ತಿರುಗಿಸಿದೆ. ಮುದಕಪ್ಪ, ಈ ಮಾತನ್ನು ನೀನು ಅರ್ಥ ಮಾಡಿಕೊಳ್ಳುತ್ತೀ, ಯಾಕೆಂದರೆ ನೀನೂ ಕೈಯಿಂದ ಕೆಲಸ ಮಾಡಿದವನು. ವಾಲ್ವ್ ಸರಿಯಾಗಿ ಕೂತರೆ ಕೊನೆಯಲ್ಲಿ ಕೈಗೊಂದು ಬಿಗಿ ಸಿಗುತ್ತದೆ. ಅವತ್ತು ಅದು ಸಿಗಲಿಲ್ಲ. ಹಿಡಿ ಸುಮ್ಮನೆ ತಿರುಗಿತು. ಒಳಗಿನ ತಟ್ಟೆ ಇಳಿದಿಲ್ಲ ಅಂತ ನನ್ನ ಕೈಗೆ ಗೊತ್ತಾಯಿತು. ಅಲ್ಲೇ ಒಂದು ಗಳಿಗೆ ನಿಂತೆ. 'ಹಳೇ ವಾಲ್ವ್, ಹೀಗೇ ಇರುತ್ತದೆ' ಅಂತ ನನಗೆ ನಾನೇ ಹೇಳಿಕೊಂಡು ಮೇಲೆ ಹೋಗಿ ಆಸಿಡ್ ಬಿಟ್ಟೆ.

ಮರುದಿನ ಬೆಳಿಗ್ಗೆ ಏಳಕ್ಕೆ ಪೈಪು ಜೋಡಿಸಲು ಹೋದಾಗ ಹೆಂಗಸರು ಕೊಡ ಹಿಡಿದು ಸಂಪಿನ ನಲ್ಲಿಯ ಹತ್ತಿರ ನಿಂತಿದ್ದರು. ಮುಂದೆ ನಿಂತಿದ್ದವಳು ರುಕ್ಮವ್ವ, ಯಾದಗಿರಿ ಕಡೆಯ ಹುಡುಗಿ. ಏಳು ತಿಂಗಳ ಬಸುರಿ. ಗಂಡ ಪರಮಾನಂದ ಇಲ್ಲೇ ಒಂದು ಮಷೀನ್ ಶಾಪಿನಲ್ಲಿ ಲೇತ್ ನಡೆಸುತ್ತಾನೆ. ನನ್ನನ್ನು ನೋಡಿ ಅವಳು ನಕ್ಕು, "ಅಣ್ಣಾರ, ನೀರು ಯಾಕೋ ಒಗರು ಒಗರು ಹತ್ತಾಕತ್ತೈತ್ರಿ. ಒಂದು ತಂಬಗಿ ಕುಡದೆ, ನಾಲಿಗಿ ಜುಂ ಅಂತು" ಅಂದಳು.

ಓಡಿ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದೆ. ಜಲ್ಲಿಯ ಮೇಲೆಲ್ಲ ಹಸಿರು ಬೆರೆತ ಬಿಳಿ ಗಸಿ ಕಟ್ಟಿತ್ತು. "ಯಾರೂ ಕುಡಿಯಬ್ಯಾಡ್ರಿ! ಕೊಡ ಕೆಳಗಿಡ್ರಿ!" ಅಂತ ಕೂಗಿದೆ. ಮನೆಮನೆಗೆ ನುಗ್ಗಿ ಅವತ್ತು ಬೆಳಿಗ್ಗೆ ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲಿಸಿದೆ. ಕುಡಿದಿದ್ದವಳು ರುಕ್ಮವ್ವ ಒಬ್ಬಳೇ.

ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಪರಮಾನಂದನ ಮುಖ ಸುಣ್ಣದ ಹಾಗಾಗಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಅಷ್ಟು ನೀರಲ್ಲಿ ಬೆರೆತಿರೋದ್ರಿಂದ ಹೆಚ್ಚೇನೂ ಆಗಿರಲ್ಲ. ಮಗುವಿನ ಎದೆಬಡಿತ ಸರಿಯಾಗಿದೆ. ಆದ್ರೂ ಒಂದು ದಿನ ಇಲ್ಲೇ ಇರಲಿ, ವಾರ ಬಿಟ್ಟು ಮತ್ತೆ ಕರ್ಕೊಂಡು ಬನ್ನಿ" ಅಂದರು. ಅವಳಿಗೆ ಆ ದಿನ ಎರಡು ಸಲ ವಾಂತಿಯಾಯಿತು. ನೀರಿನಿಂದಲೋ ಹೆದರಿಕೆಯಿಂದಲೋ ಯಾರೂ ಹೇಳಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಪರಮಾನಂದ ನನಗೇ ಚಹಾ ತಂದುಕೊಟ್ಟ. "ನೀವು ಹೊತ್ತಿಗೆ ಸರಿಯಾಗಿ ನೋಡಿದ್ರಿ ಅಣ್ಣಾರ, ಇಲ್ಲಾಂದ್ರ ಹತ್ತೂ ಮನಿಯಾವ್ರು ಕುಡೀತಿದ್ರು" ಅಂದ. ಆ ಚಹಾ ನಾನು ಕುಡಿದೆ.

ಯಾಕೆಂದರೆ ಅಷ್ಟು ಹೊತ್ತಿಗಾಗಲೇ ನಾನು ಸುಳ್ಳು ಹೇಳಿ ಆಗಿತ್ತು. ಆಟೋ ಬರುವುದನ್ನು ಕಾಯುತ್ತಾ ಎಲ್ಲರೂ ಸುತ್ತ ನಿಂತಿದ್ದಾಗ, ವಾಲ್ವ್ ಬಿಚ್ಚಿ ಅಮ್ಮನಿಗೆ ತೋರಿಸಿದ್ದೆ. "ನೋಡ್ರಿ, ಒಳಗ ಸವದು ಹೋಗೈತಿ. ಬಂದ್ ಮಾಡಿದ್ರೂ ಬಂದ್ ಆಗಿಲ್ಲ. ಹೊರಗಿಂದ ಯಾರಿಗೂ ಗೊತ್ತಾಗೂದಿಲ್ಲ" ಅಂದಿದ್ದೆ. ವಾಲ್ವ್ ಸವೆದಿದ್ದದ್ದು ನಿಜ. ಗೊತ್ತಾಗುವುದಿಲ್ಲ ಅಂದದ್ದು ಸುಳ್ಳು. ಅಮ್ಮ ಆ ವಾಲ್ವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಮ್ ಯಜಮಾನ್ರೇ ಆಕ್ಸಿದ್ದು. ಬದ್ಲಾಯಿಸ್ಬೇಕು ಬದ್ಲಾಯಿಸ್ಬೇಕು ಅಂತಿದ್ರು" ಅಂದರು. ತಪ್ಪು ಸತ್ತವರ ತಲೆಗೆ ಹೋಯಿತು. ನಾನು ಹೋಗಲು ಬಿಟ್ಟೆ.

ಸಂಪಿನ ನೀರನ್ನು ಏನು ಮಾಡುವುದು? ಬಾಡಿಗೆಯವರಲ್ಲಿ ಕೆಲವರು, ಪರೀಕ್ಷೆಗೆ ಕೊಟ್ಟು ಕಾಯೋಣ, ಇಂಥ ಬರಗಾಲದಲ್ಲಿ ಚೆಲ್ಲುವುದು ಬೇಡ ಅಂದರು. ನಾಗಲಕ್ಷ್ಮಮ್ಮ ಒಪ್ಪಲಿಲ್ಲ. "ಬಸ್ರಿ ಎಂಗ್ಸು ಕುಡಿಯೋ ನೀರು. ಯಾವ್ ಚೀಟಿ ನೋಡ್ಕಂಡು ನಾನ್ ಅದ್ನ ಅವ್ಳ್ ಕೈಗ್ ಕೊಡ್ಲಿ? ಚೆಲ್ಬುಡು" ಅಂದರು. ಗಿಡಕ್ಕಾದರೂ ಹಾಕೋಣವೇ ಅಂತ ಕೇಳಿದೆ. ಕರಿಬೇವಿನ ಗಿಡದ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಮಾರನೆಯ ದಿನ ಸುಣ್ಣ ಕದಡಿ ಆಸಿಡ್ಡಿನ ತೀವ್ರತೆ ಇಳಿಸಿ, ಮೋಟಾರು ಹಾಕಿ ಮೋರಿಗೆ ಬಿಟ್ಟೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಹರಿಯಿತು. ಬೀದಿಯ ಜನ ಕೊಡ, ಬಕೆಟು, ಬಣ್ಣದ ಡಬ್ಬ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಓಡಿ ಬಂದರು. ಒಬ್ಬಳಂತೂ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಅಳುತ್ತಾ ಕೂಗಾಡಿದಳು: "ನಾಲ್ಕ್ ದಿನದಿಂದ ನೀರಿಲ್ದೆ ಸಾಯ್ತಾ ಇದೀವಿ, ನೀವು ಮೋರಿಗ್ ಬಿಡ್ತಾ ಇದೀರಾ? ದೇವ್ರು ಒಳ್ಳೇದ್ ಮಾಡ್ತಾನಾ ನಿಮ್ಗೆ?" ನಾಗಲಕ್ಷ್ಮಮ್ಮ ಎರಡೂ ಕೈ ಚಾಚಿ ಪೈಪಿನ ಬಾಯಿಗೆ ಅಡ್ಡ ನಿಂತುಕೊಂಡು, "ಬ್ಯಾಡ ಕಣವ್ವಾ, ಕೆಟ್ಟೋಗೈತೆ, ಇಡೀಬ್ಯಾಡ" ಅಂತ ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಜನ ಹೋದ ಮೇಲೆ ಮೆಟ್ಟಿಲ ಮೇಲೆ ಕೂತರು. ಪೈಪಿನಿಂದ ನೀರು ಬೀಳುವುದನ್ನೇ ನೋಡುತ್ತಾ ಒಂದೇ ಒಂದು ಮಾತು ಆಡಿದರು. "ಕೊನೆ ಮಳೇಲಿ ನೆನ್ದು ಜ್ವರ ಬರ್ಸ್ಕಂಡಿದ್ರು ಕಣಪ್ಪಾ."

ಮರುದಿನ ಸಂಪು ತೊಳೆಯುವುದಿತ್ತು. ನನ್ನ ಹೆಂಡತಿ ಸುಮಂಗಲಾ, "ಈ ವಯಸ್ಸಿನ್ಯಾಗ ನೀವ್ಯಾಕ ಇಳೀತೀರಿ, ಕೂಲಿಯವರನ್ನ ಕರೀರಿ" ಅಂದಳು. ನಾನೇ ಇಳಿದೆ. ರಾತ್ರಿಯೆಲ್ಲ ಮುಚ್ಚಳ ತೆಗೆದಿಟ್ಟು, ಗಾಳಿ ಆಡಿಸಿ, ಹೊರಗೆ ಇಬ್ಬರನ್ನು ನಿಲ್ಲಿಸಿಕೊಂಡು ಏಣಿಯಿಂದ ಇಳಿದೆ. ಗೋಡೆ, ನೆಲ ಬ್ರಷ್ಷಿನಿಂದ ಉಜ್ಜಿ, ಟ್ಯಾಂಕರಿನಿಂದ ತರಿಸಿದ ನೀರಿನಲ್ಲಿ ಮೂರು ಸಲ ತೊಳೆದೆ. ಹೊರಗಿದ್ದವರು ಊಟಕ್ಕೆ ಹೋದರು. ಅವರ ಬದಲಿಗೆ ನಾಗಲಕ್ಷ್ಮಮ್ಮ ಬಂದು ಬಾಯಿಯ ಹತ್ತಿರ ಕೂತು ಬಗ್ಗಿ ನೋಡುತ್ತಿದ್ದರು.

"ಸಾಕ್ ಬಾರಪ್ಪಾ, ಬೆಳಿಗ್ಗೆಯಿಂದ ಒಂದೇ ಸಮ ಉಜ್ತಾ ಇದೀಯ. ನಿನ್ ತಪ್ಪೇನೈತೆ ಇದ್ರಲ್ಲಿ. ಆ ವಾಲ್ವು ಅಳೇದು" ಅಂದರು.

ಬ್ರಷ್ ಕೆಳಗಿಟ್ಟೆ. "ವಾಲ್ವಿಂದು ತಪ್ಪಲ್ರಿ ಅಮ್ಮಾರ" ಅಂದೆ. ಖಾಲಿ ಸಂಪಿನಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ತಿರುಗಿಸಿದಾಗ ಕೂತಿಲ್ಲ ಅಂತ ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಿದ್ದೂ ಆಸಿಡ್ ಬಿಟ್ಟೆ. ಹೋಸ್ ಪೈಪು ತರಾಕ ಬ್ಯಾಸರಾಗಿತ್ತು."

ಅವರು ಮಂಡಿ ಹಿಡಿದುಕೊಂಡು ಎದ್ದು ನಿಂತರು. ಆಮೇಲೆ, "ಮೇಲಕ್ ಬಾ" ಅಂದರು. "ಅಲ್ಲೇ ಬಿಲದಾಗ್ ನಿಂತ್ಕಂಡು ಯೋಳ್ಬ್ಯಾಡ. ಮೇಲಕ್ ಬಂದು ನನ್ ಮಕ ನೋಡ್ಕಂಡ್ ಯೋಳು."

ಏಣಿ ಹತ್ತಿ ಬಂದು ಮತ್ತೆ ಹೇಳಿದೆ. ಮೊದಲ ಸಲಕ್ಕಿಂತ ಅದು ಕಷ್ಟವಾಯಿತು. ಅವರು ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಎರಡ್ ದಿನದಿಂದ ನನ್ ಗಂಡನ್ನ ಬೈಕಂತಾ ಇದ್ನಲ್ಲೋ ನಾನು. ಒಂದ್ ವಾಲ್ವ್ ಬದ್ಲಾಯಿಸ್ದೆ ಒಂಟೋದ್ರಲ್ಲಾ ಅಂತ. ನೀನು ಅದ್ನ ಕೇಳ್ಕಂಡು ಸುಮ್ಕಿದ್ಯಲ್ಲೋ" ಅಂದರು. ನೀರು ಹೋದದ್ದಕ್ಕೆ ಅಲ್ಲ, ಇದಕ್ಕೆ ಅವರು ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ಗೊಬ್ಳಿಗ್ ಯೋಳಿದ್ರೆ ಆಗಲ್ಲ. ಆ ಹುಡ್ಗಿಗೂ ಯೋಳು" ಅಂದರು.

ಸಂಜೆ ರುಕ್ಮವ್ವನ ಮನೆಗೆ ಹೋದೆ. ಅವಳು ಗೋಡೆಗೊರಗಿ ಕೂತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ಪರಮಾನಂದ ಎದ್ದು ನನ್ನ ಅಂಗಿ ಹಿಡಿದಿದ್ದ. "ನಮ್ಮ ಕಡಿಯಾವ್ರು ಅಂತ ನಂಬಿದ್ವಿ. ನನ್ನ ಕೈಲೆ ಚಹಾ ಕುಡದ್ರಿ!" ಅಂದ. ಅವನು ಹೊಡೆದಿದ್ದರೂ ನಾನು ಕೈ ಎತ್ತುತ್ತಿರಲಿಲ್ಲ. ರುಕ್ಮವ್ವ ಕೂತಲ್ಲಿಂದಲೇ, "ಬಿಡ್ರಿ ಅವರನ್ನ. ಅವರಾಗಿ ಬಂದು ಹೇಳ್ಯಾರ" ಅಂದಳು. ನನ್ನ ಕಡೆ ತಿರುಗಿ, "ಅಣ್ಣಾರ, ನೀವು ಹೇಳಿದ್ದು ಛಲೋ ಆತು. ಆದ್ರ ಕೂಸು ಹುಟ್ಟೂತನಕ ನಿಮ್ಮನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ" ಅಂದಳು. ನ್ಯಾಯವಾದ ಮಾತು. ತಲೆ ಬಗ್ಗಿಸಿಕೊಂಡು ಬಂದೆ.

ಕೆಲಸ ಬಿಡಿಸುತ್ತಾರೆ ಅಂದುಕೊಂಡಿದ್ದೆ. ನಾಗಲಕ್ಷ್ಮಮ್ಮ ಬಿಡಿಸಲಿಲ್ಲ. ವಾಲ್ವ್ ಹೊಸದು ಹಾಕಿದೆ, ಡ್ರಮ್ಮಿನ ಜಲ್ಲಿ, ಮರಳು ಬದಲಾಯಿಸಿದೆ. ಸೋಲಾರಿನಿಂದ ಹೊರಬೀಳುವ ನೀರೆಲ್ಲ, ಉಕ್ಕಿದ್ದಾಗಲಿ ತೊಳೆದದ್ದಾಗಲಿ, ತಾರಸಿಯನ್ನು ಮುಟ್ಟದ ಹಾಗೆ ಬೇರೆ ಪೈಪು ಎಳೆದು ಬೀದಿಗೆ ಇಳಿಸಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಎರಡು ತಿಂಗಳು ಆ ಹತ್ತು ಮನೆಗಳು ಕ್ಯಾನ್ ನೀರು ಕುಡಿದವು. ದಿನಾ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಕ್ಯಾನುಗಳನ್ನು ತಂದು ಬಾಗಿಲಿಗೆ ಇಟ್ಟು ಬರುತ್ತಿದ್ದೆ. ಪರಮಾನಂದನ ಬಾಗಿಲಲ್ಲಿ ಇಟ್ಟಾಗ ಅವನು ಒಳಗಿನಿಂದ ಬರುತ್ತಿರಲಿಲ್ಲ.

ಈ ತಿಂಗಳ ಮೊದಲ ವಾರ ಮಳೆ ಬಂತು. ಮೋಡ ಕಟ್ಟಿದಾಗಲೇ ಅಮ್ಮ ಫೋನು ಮಾಡಿ ಕರೆದರು. ಇಬ್ಬರೂ ತಾರಸಿ ಗುಡಿಸಿ ತೊಳೆದೆವು. ಮೊದಲ ಮಳೆಯನ್ನು ಪೂರ್ತಿ ಹೊರಗೆ ಬಿಟ್ಟೆವು. ಎರಡನೆಯ ಮಳೆಗೆ ಅವರೇ ಬಗ್ಗಿ ವಾಲ್ವ್ ತಿರುಗಿಸಿದರು. ಈಗ ಸಂಪಿನಲ್ಲಿ ಮೊಣಕಾಲುದ್ದ ನೀರಿದೆ. ರುಕ್ಮವ್ವ ಹೆರಿಗೆಗೆ ತವರಿಗೆ ಹೋಗಿದ್ದಳು. ಮೊನ್ನೆ ಶುಕ್ರವಾರ ಪರಮಾನಂದ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಹೆಣ್ಣು ಕೂಸು. ಆರಾಮ ಐತಿ" ಅಂದ. ಅಷ್ಟೇ ಹೇಳಿ ಹೊರಟುಹೋದ.

ಇಲ್ಲಿಯ ಸುದ್ದಿ ಇಷ್ಟು. ಸುಮಂಗಲಾ ನಿಮ್ಮೆಲ್ಲರನ್ನೂ ಕೇಳಿದ್ದಾಳೆ. ನಿನ್ನ ಹೊಲಕ್ಕೆ ಈ ಸಲ ಹದವಾದ ಮಳೆಯಾಗಲಿ, ಶಿವಾನಿಗೆ ನನ್ನ ಆಶೀರ್ವಾದ ಹೇಳು, ಆ ಮಗು ಚೆನ್ನಾಗಿ ಓದಿ ತನ್ನ ಕಾಲ ಮೇಲೆ ನಿಲ್ಲಲಿ.

ನಿನ್ನವನೇ ಆದ
ಮುತ್ತಣ್ಣ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ ಬರೆಯದೆಯೇ ಸಹಿ ಹಾಕಿಬಿಟ್ಟೆ ನೋಡು. ಕಾಗದ ಮಡಿಸಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಿವಿ ಹೋದದ್ದಕ್ಕೆ ಪರಿಹಾರ ಕೇಳಿ ನೀನು ಹಾಕಿದ ಅರ್ಜಿ ತಿರುಗಿ ಬಂತು, ತಗಡು ಒತ್ತುವ ಪ್ರೆಸ್ ವಿಭಾಗದಲ್ಲಿ ಸದ್ದು ತಡೆಯಲು ಪ್ರತಿ ವರ್ಷ ಕಿವಿಗೆ ಹಾಕುವ ಪ್ಲಗ್ ಪಡೆದಿದ್ದೇನೆ ಅಂತ ಕಂಪನಿಯ ರಿಜಿಸ್ಟರಿನಲ್ಲಿ ನಿನ್ನ ಸಹಿ ಇದೆಯಂತೆ ಅಂತ ಬರೆದಿದ್ದೀ. "ನನಗೆ ಕೊಟ್ಟ ನೆನಪೇ ಇಲ್ಲ, ಸಹಿ ಮಾತ್ರ ನನ್ನದರ ಹಾಗೇ ಇದೆ, ಕಿವಿಯ ಜೊತೆ ನನ್ನ ತಲೆಯೂ ಹೋಯಿತೇನೋ, ನಿನಗೇನಾದರೂ ನೆನಪಿದೆಯಾ" ಅಂತ ಕೇಳಿದ್ದೀ. ಮುದಕಪ್ಪ, ನಿನ್ನ ತಲೆ ಸರಿಯಾಗಿದೆ. ಪ್ಲಗ್ ಬರಲೇ ಇಲ್ಲ. ನನ್ನನ್ನು ಸೂಪರ್‌ವೈಸರ್ ಮಾಡಿದ ವರ್ಷ ತಪಾಸಣೆಗೆ ಬರುತ್ತಾರೆ ಅಂತ ಮ್ಯಾನೇಜರು ರಿಜಿಸ್ಟರ್ ತಂದು ನನ್ನ ಮುಂದಿಟ್ಟರು. ಮೂವತ್ತೊಂದು ಜನರ ಸಹಿ ನಾನೇ ಹಾಕಿದೆ. ನೀನು 'ಮು' ಬರೆಯುವಾಗ ಕೊಂಬನ್ನು ಕೆಳಗೆ ಉದ್ದಕ್ಕೆ ಎಳೆಯುವುದು ನನಗೆ ಗೊತ್ತಿತ್ತು, ಹಾಗೇ ಎಳೆದೆ. ಆಮೇಲೆ ಎಂಟು ವರ್ಷವೂ ಎಳೆದೆ. ಆಗಲೂ ನೀನು ಹತ್ತು ಹೆಜ್ಜೆ ದೂರದಲ್ಲಿ ಪ್ರೆಸ್ಸಿನ ಮುಂದೆ ನಿಂತಿದ್ದೆ. ಇದನ್ನೆಲ್ಲ ನೋಟರಿಯ ಮುಂದೆ ಬರೆದುಕೊಟ್ಟಿದ್ದೇನೆ, ಪ್ರತಿ ಇದರ ಜೊತೆಗಿದೆ. ನಿನ್ನ ಅರ್ಜಿಯ ಜೊತೆ ಲಗತ್ತಿಸು. ಮೂಲಪ್ರತಿ ನಾನೇ ತರುತ್ತೇನೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಇಳಿಯುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಅದನ್ನು ಶಿವಾನಿಯ ಕೈಗೆ ಕೊಟ್ಟು ಹಿಂದಿರುಗುತ್ತೇನೆ.